ಟೋಸ್ಕಾ ಅಂದ ಕೂಡಲೇ ಎಲ್ಲರೂ ಮರಿಯಾ ಕ್ಯಾಲಸ್ ಅನ್ನೋದು ಯಾಕೆ?

ಹೊಸ_ಕಿವಿ:
ಎಲ್ಲರಿಗೂ ನಮಸ್ಕಾರ. ಒಪೆರಾ ಕೇಳಲು ಈಚೆಗೆ ಶುರು ಮಾಡಿದವನು ನಾನು. ಇಟಲಿಯ ಸಂಗೀತಕಾರ ಪುಚ್ಚಿನಿಯ ಒಪೆರಾ ‘ಟೋಸ್ಕಾ’ ಕೇಳಬೇಕು, ಯಾವ ರೆಕಾರ್ಡಿಂಗ್ ಒಳ್ಳೆಯದು ಅಂತ ಯಾರನ್ನು ಕೇಳಿದರೂ ಉತ್ತರ ಒಂದೇ. ಗಾಯಕಿ ಮರಿಯಾ ಕ್ಯಾಲಸ್, 1953ರದ್ದು. ಸರಿ ಅಂತ ಹಾಕಿಕೊಂಡು ಕೂತೆ. ಸ್ಟೀರಿಯೋ ಕೂಡ ಅಲ್ಲ, ಮೋನೋ. ಆಕೆಯ ಧ್ವನಿ ಮೇಲಿನ ಸ್ವರಗಳಲ್ಲಿ ಕೆಲವು ಕಡೆ ಕಿವಿಗೆ ಚುಚ್ಚುತ್ತದೆ. ಇಂಪಾದ ಗಂಟಲು ಅನ್ನಲು ಮನಸ್ಸು ಬರುವುದಿಲ್ಲ. ಆದರೂ ಎರಡನೇ ಅಂಕ ಮುಗಿಯುವ ತನಕ ಕೂತ ಜಾಗದಿಂದ ಏಳಲಿಲ್ಲ.

ಆಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಲ್ಲಾ ಕಡೆ ಒಂದೇ ರಾಗ. ಟೋಸ್ಕಾಳ ಗೋಳೇ ಕ್ಯಾಲಸ್ ಬಾಳಿನ ಗೋಳು, ಎರಡನೇ ಅಂಕದಲ್ಲಿ ಟೋಸ್ಕಾ ಹಾಡುವ ‘ವಿಸ್ಸಿ ದಾರ್ತೆ’ ಹಾಡಿನಲ್ಲಿ ತನ್ನ ಕತೆಯನ್ನೇ ಹಾಡಿಕೊಂಡಿದ್ದಾಳೆ, ಹೀಗೆ. ಇದು ನಿಜಾನಾ ಅಥವಾ ಅಭಿಮಾನಿಗಳ ಬಣ್ಣದ ಮಾತಾ? ಗೊತ್ತಿದ್ದವರು ಹೇಳಿ.

ಹಳೇ_ರೆಕಾರ್ಡು:
ಒಪೆರಾ ಕತೆ ಗೊತ್ತಿಲ್ಲದವರೂ ಇಲ್ಲಿ ಓದುತ್ತಿರುತ್ತಾರೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ರೋಮ್, 1800ರ ಜೂನ್. ಫ್ಲೋರಿಯಾ ಟೋಸ್ಕಾ ಹೆಸರಾಂತ ಗಾಯಕಿ. ಆಕೆಯ ಪ್ರಿಯಕರ ಕವರದೊಸ್ಸಿ ಚಿತ್ರಕಾರ. ಜೈಲಿನಿಂದ ತಪ್ಪಿಸಿಕೊಂಡು ಬಂದ ರಾಜಕೀಯ ಕೈದಿಯೊಬ್ಬನನ್ನು ಬಚ್ಚಿಡುತ್ತಾನೆ. ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾಗೆ ಆ ಕೈದಿಯೂ ಬೇಕು, ಟೋಸ್ಕಾಳೂ ಬೇಕು. ಚರ್ಚಿನಲ್ಲಿ ಸಿಕ್ಕ ಒಂದು ಬೀಸಣಿಗೆ ತೋರಿಸಿ ಆಕೆಯ ಹೊಟ್ಟೆಕಿಚ್ಚು ಕೆರಳಿಸುತ್ತಾನೆ. ಎರಡನೇ ಅಂಕದಲ್ಲಿ ಒಳಗಿನ ಕೋಣೆಯಲ್ಲಿ ಕವರದೊಸ್ಸಿಗೆ ಚಿತ್ರಹಿಂಸೆ, ಹೊರಗೆ ಸ್ಕಾರ್ಪಿಯಾನ ಊಟದ ಮೇಜು. ಆ ಕೂಗು ಕೇಳಲಾರದೆ ಟೋಸ್ಕಾ ಕೈದಿ ಅಡಗಿರುವ ಜಾಗ ಹೇಳಿಬಿಡುತ್ತಾಳೆ. ಪ್ರಿಯಕರನ ಜೀವ ಉಳಿಯಬೇಕಾದರೆ ನೀನು ನನ್ನವಳಾಗು ಅನ್ನುತ್ತಾನೆ ಆತ. ಒಪ್ಪಿ, ಊರು ಬಿಡಲು ರಹದಾರಿ ಬರೆಸಿಕೊಂಡು, ಊಟದ ಮೇಜಿನ ಚಾಕುವಿನಿಂದಲೇ ಇರಿಯುತ್ತಾಳೆ. ಮೂರನೇ ಅಂಕದಲ್ಲಿ ಕವರದೊಸ್ಸಿ ಮೇಲೆ ಗುಂಡು ಹಾರಿಸುವುದು, ಸ್ಕಾರ್ಪಿಯಾ ಮಾತು ಕೊಟ್ಟ ಹಾಗೆ, ಬರೀ ನಾಟಕ ಅಂತ ನಂಬಿದ್ದಳು. ಗುಂಡು ನಿಜದ್ದೇ. ಕವರದೊಸ್ಸಿ ಸಾಯುತ್ತಾನೆ. ಹಿಡಿಯಲು ಬಂದವರ ಕೈಗೆ ಸಿಗದೆ ಆಕೆ ಕೋಟೆಯ ಮೇಲಿಂದ ಹಾರಿಬಿಡುತ್ತಾಳೆ.

ಇದು ಮೂಲದಲ್ಲಿ ನಾಟಕ. ಫ್ರಾನ್ಸಿನ ವಿಕ್ಟೋರಿಯೆನ್ ಸಾರ್ದು ನಟಿ ಸಾರಾ ಬರ್ನಾರ್ಡ್‌ಗೆ ಅಂತಲೇ ಬರೆದದ್ದು, 1887ರಲ್ಲಿ. ಪುಚ್ಚಿನಿಗೆ ಫ್ರೆಂಚ್ ಅಷ್ಟಾಗಿ ಬರುತ್ತಿರಲಿಲ್ಲ. ಆದರೂ ಬರ್ನಾರ್ಡ್ ಅಭಿನಯ ನೋಡಿ ಇದನ್ನು ಒಪೆರಾ ಮಾಡಲೇಬೇಕು ಅಂತ ಪಟ್ಟು ಹಿಡಿದರು. ಒಪೆರಾದ ಸಾಹಿತ್ಯ ಬರೆದ ಇಲ್ಲಿಕಾ, ಜಕೋಸಾ ಇಬ್ಬರೂ ಸೇರಿ ಐದು ಅಂಕದ ನಾಟಕವನ್ನು ಮೂರಕ್ಕೆ ಇಳಿಸಿದರು. 1900ರ ಜನವರಿ 14ರಂದು ರೋಮಿನ ಕೊಸ್ತಾಂಜಿ ಥಿಯೇಟರಿನಲ್ಲಿ ಮೊದಲ ಪ್ರದರ್ಶನ ಆಯಿತು.

ಅಂದರೆ ಹುಟ್ಟುವಾಗಲೇ ಇದು ಒಬ್ಬ ನಟಿಗಾಗಿ ಹುಟ್ಟಿದ ಪಾತ್ರ. ಕ್ಯಾಲಸ್ ಯಾಕೆ ಅನ್ನುವುದಕ್ಕೆ ಅರ್ಧ ಉತ್ತರ ಇದರಲ್ಲೇ ಇದೆ. ಇನ್ನರ್ಧ ಆಕೆಯ ತಾರೀಖುಗಳಲ್ಲಿದೆ. ವೃತ್ತಿರಂಗದಲ್ಲಿ ಆಕೆಗೆ ಸಿಕ್ಕ ಮೊದಲ ದೊಡ್ಡ ಪಾತ್ರ ಟೋಸ್ಕಾ, 1942ರ ಆಗಸ್ಟಿನಲ್ಲಿ, ಅಥೆನ್ಸಿನಲ್ಲಿ. ಒಪೆರಾ ರಂಗದ ಮೇಲೆ ಕೊನೆಯ ಪಾತ್ರವೂ ಟೋಸ್ಕಾ, 1965ರ ಜುಲೈ 5ರಂದು, ಲಂಡನ್ನಿನ ಕೋವೆಂಟ್ ಗಾರ್ಡನ್ ಒಪೆರಾ ಮಂದಿರದಲ್ಲಿ. ಎರಡು ಕೊನೆಯಲ್ಲೂ ಒಂದೇ ಹೆಸರು ಇದ್ದರೆ ಜನ ಸುಮ್ನೆ ಬಿಡುತ್ತಾರಾ?

ಮೂರನೇ_ಸಾಲು:
ಸಾರ್, ತಾರೀಖು ಹಿಡಿದೇ ನಾನು ಜಗಳಕ್ಕೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಜನ ಹೇಳುವ ‘ಬಾಳಿನ ಗೋಳು’ ಯಾವುದು? ಹಡಗಿನ ಸಾಹುಕಾರ ಒನಾಸಿಸ್ ಈಕೆಯನ್ನು ಬಿಟ್ಟು ಜಾಕ್ವೆಲಿನ್ ಕೆನಡಿಯನ್ನು ಮದುವೆಯಾದದ್ದು. ಅದು ಆದದ್ದು 1968ರ ಅಕ್ಟೋಬರಿನಲ್ಲಿ. ಕ್ಯಾಲಸ್ ಕೊನೆಯ ಟೋಸ್ಕಾ ಹಾಡಿ ಅಷ್ಟು ಹೊತ್ತಿಗೆ ಮೂರು ವರ್ಷ ದಾಟಿತ್ತು. ಇನ್ನು ಎಲ್ಲರೂ ಹೊಗಳುವ 1953ರ ರೆಕಾರ್ಡಿಂಗ್ ತಗೊಳ್ಳಿ. ಆಗ ಆಕೆ ಗಂಡ ಮೆನೆಗಿನಿ ಜೊತೆ ಇಟಲಿಯಲ್ಲಿ ಸಂಸಾರ ಮಾಡಿಕೊಂಡಿದ್ದರು. ಒನಾಸಿಸ್ ಪರಿಚಯ ಆದದ್ದೇ 1957ರಲ್ಲಿ. ಇನ್ನೂ ಆಗದೇ ಇದ್ದ ದುಃಖ ಧ್ವನಿಯಲ್ಲಿ ಹೇಗೆ ಬರುತ್ತದೆ? ‘ವಿಸ್ಸಿ ದಾರ್ತೆ’ ಕೇಳಿ ಕಣ್ಣೀರು ಹಾಕುವವರು ಹಾಕಲಿ, ನನಗೂ ಗಂಟಲು ಕಟ್ಟುತ್ತದೆ. ಆದರೆ ಅದು ಪುಚ್ಚಿನಿಯ ಕೆಲಸ, ಆಕೆಯ ಕಸುಬು. ಹೆಣ್ಣುಮಗಳು ಚೆನ್ನಾಗಿ ಹಾಡಿದರೆ ಸಾಕು, ‘ಪಾಪ, ಎಷ್ಟು ನೊಂದಿದ್ದಳೋ’ ಅಂತ ಶುರು ಮಾಡುತ್ತಾರೆ. ಎದುರಿಗೆ ಅಷ್ಟೇ ಭಯಂಕರವಾಗಿ ಸ್ಕಾರ್ಪಿಯಾ ಹಾಡಿದ ಟಿಟೋ ಗೊಬ್ಬಿಯವರ ಬಗ್ಗೆ ಯಾರಾದರೂ ‘ಮನೆಯಲ್ಲೂ ಹೀಗೇ ಇದ್ದರಂತೆ’ ಅನ್ನುತ್ತಾರಾ?

ಸುಮ್ನೆ_ಓದುವವಳು:
ಗೊಬ್ಬಿ ಮಾತಿಗೆ ಜೋರಾಗಿ ನಕ್ಕುಬಿಟ್ಟೆ.

ಕೊಡಿಯಾಲ_ಕಡಲು:
ಅಥೆನ್ಸ್ ಕತೆ ಸ್ವಲ್ಪ ಬಿಡಿಸಿ ಹೇಳಬೇಕು ಮಾರಾಯ್ರೆ, ಅದನ್ನು ಎಲ್ಲರೂ ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ.

ಕ್ಯಾಲಸ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, 1923ರ ಡಿಸೆಂಬರ್ 2ರಂದು, ಗ್ರೀಕ್ ತಂದೆತಾಯಿಗೆ. 1937ರಲ್ಲಿ ತಾಯಿ ಮರಿಯಾಳನ್ನು ಕಟ್ಟಿಕೊಂಡು ಅಥೆನ್ಸಿಗೆ ವಾಪಸ್ ಬಂದರು. ಅಲ್ಲಿ ಎಲ್ವಿರಾ ದೆ ಇದಾಲ್ಗೋ ಅನ್ನುವ ಸ್ಪೇನಿನ ಗಾಯಕಿ ಗುರುವಾಗಿ ಸಿಕ್ಕರು. 1941ರಲ್ಲಿ ಜರ್ಮನ್ನರೂ ಇಟಲಿಯವರೂ ಗ್ರೀಸ್ ಹಿಡಿದರು. ಆ ಚಳಿಗಾಲದಲ್ಲಿ ಅಥೆನ್ಸಿನಲ್ಲಿ ಘೋರ ಬರಗಾಲ, ಜನ ಬೀದಿಯಲ್ಲೇ ಹಸಿದು ಸತ್ತರು. ಅದು ಕಳೆದು ಕೆಲವೇ ತಿಂಗಳಿಗೆ, 1942ರ ಆಗಸ್ಟ್ 27ಕ್ಕೆ, ಈ ಹುಡುಗಿ ಬಯಲು ಥಿಯೇಟರಿನಲ್ಲಿ ಟೋಸ್ಕಾ ಆಗಿ ನಿಂತದ್ದು. ವಯಸ್ಸು 18. ಹಾಡಿದ್ದು ಗ್ರೀಕ್ ಭಾಷೆಯಲ್ಲಿ.

ಹೊರಗೆ ಪರದೇಶದ ಸೈನ್ಯ, ಊರಿನಲ್ಲಿ ಹಸಿವು. ವೇದಿಕೆ ಮೇಲೆ ಪೊಲೀಸ್ ಅಧಿಕಾರಿಯೊಬ್ಬ ಊಟ ಮಾಡುತ್ತಾ ಪಕ್ಕದ ಕೋಣೆಯಲ್ಲಿ ಒಬ್ಬನಿಗೆ ಚಿತ್ರಹಿಂಸೆ ಕೊಡಿಸುತ್ತಾನೆ. ನೋಡಲು ಬಂದವರಿಗೆ ಅದು ನೂರು ವರ್ಷದ ಹಿಂದಿನ ಇಟಲಿ ಕತೆ ಅನ್ನಿಸಿರಲಾರದು. ಬಾಳಿಗೂ ಪಾತ್ರಕ್ಕೂ ನಂಟು ಹುಡುಕಬೇಕು ಅಂತಿದ್ದರೆ ಒನಾಸಿಸ್ ಬಿಟ್ಟು ಇಲ್ಲಿ ಹುಡುಕಿ.

ಮೂರನೇ_ಸಾಲು:
ಇದನ್ನು ಒಪ್ಪುತ್ತೇನೆ. ಆದರೆ 18ರ ಹುಡುಗಿಗೆ ಅದು ಮುಖ್ಯವಾಗಿ ಒಂದು ಕೆಲಸ, ಸಂಬಳ ತರುವ ಕೆಲಸ. ಅದನ್ನೂ ಮರೆಯಬಾರದು.

ಹೊಸ_ಕಿವಿ:
ಅಬ್ಬಾ, ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಹಾಗಾದರೆ ಆಕೆಗೆ ಈ ಪಾತ್ರ ತುಂಬಾ ಇಷ್ಟ ಇತ್ತಾ? ಕೊನೆಗೂ ಅದನ್ನೇ ಹಾಡಿದ್ದಾರಲ್ಲ.

ಹಳೇ_ರೆಕಾರ್ಡು:
ಇಲ್ಲೇ ತಮಾಷೆ ಇರುವುದು. ಟೋಸ್ಕಾ ಮೇಲೆ ಆಕೆಗೆ ಅಂಥಾ ಪ್ರೀತಿ ಇರಲಿಲ್ಲ ಅಂತಲೇ ಆಕೆಯನ್ನು ಬಲ್ಲವರು ಹೇಳುವುದು. ಮನಸ್ಸು ಇದ್ದದ್ದು ಬೆಲ್ಲಿನಿಯ ಒಪೆರಾ ‘ನಾರ್ಮಾ’ ಮೇಲೆ. ಎಲ್ಲಕ್ಕಿಂತ ಜಾಸ್ತಿ ಸಲ ರಂಗದ ಮೇಲೆ ಹಾಡಿದ್ದೂ ನಾರ್ಮಾವನ್ನೇ.

ಕೊನೆಗೆ ಟೋಸ್ಕಾ ಯಾಕೆ ಅಂದರೆ ಗಂಟಲು. 1965ರ ಮೇ 29ರಂದು ಪ್ಯಾರಿಸ್ಸಿನಲ್ಲಿ ನಾರ್ಮಾ ಹಾಡುತ್ತಿದ್ದರು. ಕೊನೆಯ ದೃಶ್ಯದ ತನಕ ಹೋಗಲು ಆಗಲಿಲ್ಲ, ಪ್ರದರ್ಶನ ಅಲ್ಲಿಗೇ ನಿಂತಿತು. ಅದಾಗಿ ಐದು ವಾರಕ್ಕೆ ಲಂಡನ್ನಿನಲ್ಲಿ ನಾಲ್ಕು ಟೋಸ್ಕಾ ಒಪ್ಪಿಕೊಂಡಿದ್ದರು. ಹಾಡಿದ್ದು ಒಂದೇ, ರಾಣಿ ಎಲಿಜಬೆತ್ ಬಂದಿದ್ದ ದಿನದ್ದು. ಉಳಿದದ್ದನ್ನು ಆಸ್ಟ್ರೇಲಿಯಾದ ಮೇರಿ ಕೋಲಿಯರ್ ಹಾಡಿದರು. ಆವತ್ತು ಕ್ಯಾಲಸ್ ವಯಸ್ಸು 41. ಆಮೇಲೆ 1977ರಲ್ಲಿ ತೀರಿಕೊಳ್ಳುವ ತನಕ ಒಪೆರಾ ರಂಗಕ್ಕೆ ಹಾಡಲು ಬರಲಿಲ್ಲ.

ನಾರ್ಮಾದಲ್ಲಿ ಒಂದೇ ಉಸಿರಿನಲ್ಲಿ ಉದ್ದುದ್ದ ಸಾಲು ಎಳೆಯಬೇಕು, ನಡುವೆ ಚುರುಕಾಗಿ ಸ್ವರಗಳನ್ನು ಉರುಳಿಸಬೇಕು. ಧ್ವನಿ ಸ್ವಲ್ಪ ಅಲ್ಲಾಡಿದರೂ ಎಲ್ಲರಿಗೂ ಗೊತ್ತಾಗುತ್ತದೆ. ಟೋಸ್ಕಾದಲ್ಲಿ ಹೆಚ್ಚು ಪಾಲು ಮಧ್ಯದ ಸ್ವರಗಳಲ್ಲಿ, ಮಾತಾಡಿದ ಹಾಗೆ ಸಾಗುತ್ತದೆ. ಮೇಲಿನ ಸ್ವರಗಳಿವೆ, ಕಷ್ಟದವೇ, ಆದರೆ ಮಿಂಚಿ ಮಾಯವಾಗುತ್ತವೆ. ಅಲ್ಲಿ ಧ್ವನಿ ಒಡೆದರೆ ಟೋಸ್ಕಾಳೇ ಕಿರುಚಿದಳು ಅನ್ನಿಸುತ್ತದೆ. ಹಾಗಾಗಿ 1964, 65ರಲ್ಲಿ ಆಕೆಯ ಕೈಯಲ್ಲಿ ಉಳಿದ ಪಾತ್ರ ಅದು. ಲಂಡನ್, ಪ್ಯಾರಿಸ್, ನ್ಯೂಯಾರ್ಕ್, ಎಲ್ಲಾ ಕಡೆ ಅದೇ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ (‘ಮೆಟ್’) ಮುಖ್ಯಸ್ಥ ರುಡಾಲ್ಫ್ ಬಿಂಗ್ 1958ರಲ್ಲಿ ಜಗಳ ಮಾಡಿಕೊಂಡು ಆಕೆಯ ಕರಾರು ರದ್ದು ಮಾಡಿದ್ದರು. 1965ರ ಮಾರ್ಚಿನಲ್ಲಿ ವಾಪಸ್ ಕರೆಸಿದ್ದು ಎರಡು ಟೋಸ್ಕಾಗೆ. ಕವರದೊಸ್ಸಿಯಾಗಿ ಒಂದು ದಿನ ಫ್ರಾಂಕೊ ಕೊರೆಲ್ಲಿ ಜೊತೆ, ಇನ್ನೊಂದು ದಿನ ರಿಚರ್ಡ್ ಟಕ್ಕರ್ ಜೊತೆ. ಆಕೆ ವೇದಿಕೆಗೆ ಕಾಲಿಟ್ಟ ಕೂಡಲೇ ಚಪ್ಪಾಳೆಗೆ ಹಾಡೇ ನಿಂತುಹೋಯಿತು.

ತೆಬಾಲ್ಡಿ_ಪಕ್ಷ:
ಇಷ್ಟು ಹೊತ್ತು ತಡೆದುಕೊಂಡಿದ್ದೆ. ಇನ್ನು ಆಗದು.

ಹೊಸ ಕಿವಿಯವರೇ, ನಿಮ್ಮ ಕಿವಿ ಸರಿಯಾಗೇ ಇದೆ. ಚುಚ್ಚುತ್ತದೆ ಅಂತ ಬರೆದಿರಲ್ಲ, ಹೌದು, ಚುಚ್ಚುತ್ತದೆ. ಒಂದು ಸಲ ಇಟಲಿಯ ಗಾಯಕಿ ರೆನಾಟಾ ತೆಬಾಲ್ಡಿಯ 1959ರ ಟೋಸ್ಕಾ ಕೇಳಿ. ಡೆಕ್ಕಾ ಕಂಪನಿಯದು, ಸ್ಟೀರಿಯೋ, ಜೊತೆಗೆ ಕವರದೊಸ್ಸಿಯಾಗಿ ಮಾರಿಯೋ ದೆಲ್ ಮೊನಾಕೋ, ಸ್ಕಾರ್ಪಿಯಾ ಆಗಿ ಜಾರ್ಜ್ ಲಂಡನ್. ಆ ಧ್ವನಿ ತುಂಬಿಕೊಂಡು ಬರುವುದನ್ನು ಕೇಳಿದರೆ ‘ವಿಸ್ಸಿ ದಾರ್ತೆ’ ಯಾವ ಪ್ರಾರ್ಥನೆ ಅಂತ ತಿಳಿಯುತ್ತದೆ. ಇಲ್ಲವಾದರೆ ಲಿಯೊಂಟೀನ್ ಪ್ರೈಸ್, 1962, ಕಂಡಕ್ಟರ್ (ಆರ್ಕೆಸ್ಟ್ರಾ ನಡೆಸುವವರು) ಕರಾಯನ್ ನಿರ್ದೇಶನದ್ದು. ಅದರಲ್ಲಿ ಆರ್ಕೆಸ್ಟ್ರಾ ವಿಯೆನ್ನಾದ್ದು, ಕೇಳಿದರೆ ಮೈ ಜುಮ್ ಅನ್ನುತ್ತದೆ.

ಪ್ರೈಸ್ ಅವರಿಗೂ ಟೋಸ್ಕಾಗೂ ಇರುವ ನಂಟನ್ನು ಯಾರೂ ಹೇಳುವುದೇ ಇಲ್ಲ. 1955ರಲ್ಲಿ ಅಮೆರಿಕದ ಎನ್‌ಬಿಸಿ ಟಿವಿ ಅವರನ್ನು ಟೋಸ್ಕಾ ಪಾತ್ರಕ್ಕೆ ಹಾಕಿತು. ಕಪ್ಪು ಗಾಯಕಿ, ಬಿಳಿಯ ಪ್ರಿಯಕರ. ದಕ್ಷಿಣದ ರಾಜ್ಯಗಳ ಎಷ್ಟೋ ಸ್ಟೇಷನ್ನುಗಳು ಪ್ರಸಾರ ಮಾಡಲು ಒಪ್ಪಲಿಲ್ಲ. ಒಬ್ಬ ಗಾಯಕಿ ಮತ್ತು ಟೋಸ್ಕಾ ಅಂದರೆ ನನಗೆ ಮೊದಲು ನೆನಪಾಗುವುದು ಅದು. ಕ್ಯಾಲಸ್ ಪ್ರೇಮಪ್ರಕರಣಗಳಲ್ಲ.

ಹಳೇ_ರೆಕಾರ್ಡು:
ಪ್ರೈಸ್ ವಿಷಯ ಇಲ್ಲಿ ಬರಲೇಬೇಕಿತ್ತು, ಒಳ್ಳೆಯದಾಯಿತು. ಆದರೆ ಕರಾಯನ್ ಹೆಸರು ತೆಗೆದಿರಿ ಅಂತ ಹೇಳುತ್ತೇನೆ. ಅದೇ 1962ರ ರೆಕಾರ್ಡಿಂಗ್ ನಡೆಯುತ್ತಿದ್ದಾಗ ಕರಾಯನ್ ಆಗಾಗ ಕ್ಯಾಲಸ್ ರೆಕಾರ್ಡು ಹಾಕಿಸಿ ಕೇಳುತ್ತಿದ್ದರು ಅಂತ ಅದರ ನಿರ್ಮಾಪಕ ಜಾನ್ ಕಲ್ಷಾ ಬರೆದಿದ್ದಾರೆ. ಕೇಳುತ್ತಿದ್ದದ್ದು ಕ್ಯಾಲಸ್‌ಗಾಗಿ ಅಲ್ಲ, ಕಂಡಕ್ಟರ್ ವಿಕ್ಟರ್ ದೆ ಸಬಾತಾ ಯಾವ ಜಾಗದಲ್ಲಿ ಎಷ್ಟು ತಡೆದು ಬಿಡುತ್ತಾರೆ ಅಂತ ತಿಳಿಯಲು.

1953ರ ರೆಕಾರ್ಡಿಂಗಿನ ಗುಟ್ಟು ಅದೇ. ಮಿಲಾನಿನ ಲಾ ಸ್ಕಾಲಾ ಒಪೆರಾ ಮಂದಿರ, ಆಗಸ್ಟ್ ತಿಂಗಳ ಸೆಕೆ. ದೆ ಸಬಾತಾ, ನಿರ್ಮಾಪಕ ವಾಲ್ಟರ್ ಲೆಗ್ ಇಬ್ಬರೂ ಹಠಮಾರಿಗಳು. ಗೊಬ್ಬಿಯಿಂದ ಮೊದಲ ಅಂಕದ ಸಾಲುಗಳನ್ನು 30 ಸಲ ಹಾಡಿಸಿದರು ಅಂತ ಪ್ರತೀತಿ. ಸ್ಕಾರ್ಪಿಯಾನ ಹೆಣದ ಮುಂದೆ ಟೋಸ್ಕಾ ಒಂದು ಸಾಲು ಹೇಳುತ್ತಾಳೆ, ‘ಇವನ ಮುಂದೆ ಇಡೀ ರೋಮ್ ನಡುಗುತ್ತಿತ್ತು’ ಅಂತ. ಕೆಳಗಿನ ಒಂದೇ ಸ್ವರದ ಮೇಲೆ ಬರೆದ ಸಾಲು. ಎಷ್ಟೋ ಗಾಯಕಿಯರು ಅದನ್ನು ಮಾತಾಗಿ ಆಡಿ ಮುಗಿಸುತ್ತಾರೆ. ಕ್ಯಾಲಸ್ ಆ ಒಂದು ಸಾಲಿಗೆ ಅರ್ಧ ಗಂಟೆ ದುಡಿದರು ಅಂತ ಲೆಗ್ ಹೇಳಿದ್ದಾರೆ. ಕೇಳಿ ನೋಡಿ. ಜಂಬ ಇಲ್ಲ, ಗೆದ್ದೆ ಅನ್ನುವ ಖುಷಿ ಇಲ್ಲ. ‘ಇಷ್ಟೇನಾ ಇವನು’ ಅನ್ನುವ ಹಾಗಿದೆ. ದೆ ಸಬಾತಾಗೆ ಅದೇ ವರ್ಷ ಹೃದಯಾಘಾತ ಆಯಿತು. ಸ್ಟುಡಿಯೋದಲ್ಲಿ ಅವರು ಮಾಡಿದ ಪೂರ್ತಿ ಒಪೆರಾ ಅದೊಂದೇ.

ಮೈಕಿನ ಮುಂದೆ ಅಷ್ಟು ಬೆವರು ಸುರಿಸಿದ ಮೇಲೆ ಮೋನೋ ಆದರೇನು, ಸ್ಟೀರಿಯೋ ಆದರೇನು.

ಮಿಲಾನೋದ_ಚಳಿ:
ಕೇಳುವುದರ ಬಗ್ಗೆಯೇ ಮಾತಾಡುತ್ತಿದ್ದೀರಿ. ನೋಡುವುದರ ಬಗ್ಗೆ ಯಾರೂ ಹೇಳಲಿಲ್ಲ. ಕ್ಯಾಲಸ್ ಅಂದರೆ ಟೋಸ್ಕಾ ಆಗಿದ್ದಕ್ಕೆ ನನ್ನ ಪ್ರಕಾರ ಕ್ಯಾಮೆರಾನೇ ದೊಡ್ಡ ಕಾರಣ.

ಆಕೆ ಹಾಡಿದ ಒಂದೇ ಒಂದು ಪೂರ್ತಿ ಒಪೆರಾ ಕೂಡ ಫಿಲ್ಮಿನಲ್ಲಿ ಉಳಿದಿಲ್ಲ. ನಾರ್ಮಾ ಇಲ್ಲ, ‘ಲಾ ತ್ರಾವಿಯಾತಾ’ ಒಪೆರಾದ ವಯೊಲೆಟ್ಟಾ ಇಲ್ಲ, ಮೆಡಿಯಾ ಇಲ್ಲ. ಆದರೆ ಟೋಸ್ಕಾದ ಎರಡನೇ ಅಂಕ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. 1956ರ ನವೆಂಬರಿನಲ್ಲಿ ಅಮೆರಿಕದ ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಅದರ ತುಣುಕು, ಜಾರ್ಜ್ ಲಂಡನ್ ಜೊತೆ. 1958ರ ಡಿಸೆಂಬರ್ 19ಕ್ಕೆ ಪ್ಯಾರಿಸ್ ಒಪೆರಾದ ಗಾಲಾದಲ್ಲಿ ಅಂಕ ಪೂರ್ತಿ, ಗೊಬ್ಬಿ ಜೊತೆ. 1964ರ ಫೆಬ್ರವರಿ 9ಕ್ಕೆ ಕೋವೆಂಟ್ ಗಾರ್ಡನ್‌ನಿಂದ ಬ್ರಿಟನ್ ಟಿವಿಗೆ ಮತ್ತೆ ಅದೇ ಅಂಕ, ಫ್ರಾಂಕೊ ಜೆಫಿರೆಲ್ಲಿ ರಂಗಕ್ಕೆ ತಂದದ್ದು. ಆಕೆ ರಂಗದ ಮೇಲೆ ಹೇಗಿದ್ದರು ಅಂತ ಇವತ್ತು ನೋಡಬೇಕಾದರೆ ನಮಗೆ ಇರುವ ಕಿಂಡಿ ಈ ಅಂಕ.

1964ರದ್ದನ್ನು ನಿಧಾನವಾಗಿ ನೋಡಿ. ಸ್ಕಾರ್ಪಿಯಾ ಬೆನ್ನು ಹಾಕಿ ರಹದಾರಿ ಬರೆಯುತ್ತಾ ಕೂತಿದ್ದಾನೆ. ಆಕೆ ಮೇಜಿನ ಹತ್ತಿರ ಬರುವುದು ಕೊಲ್ಲಲಿಕ್ಕೆ ಅಂತ ಅಲ್ಲ, ಒಂದು ಗುಟುಕು ವೈನ್ ಕುಡಿಯೋಣ ಅಂತ. ಕಣ್ಣು ಚಾಕುವಿನ ಮೇಲೆ ಬೀಳುತ್ತದೆ. ಆ ಕ್ಷಣದಲ್ಲಿ ಮುಖದಲ್ಲಿ ಏನೂ ದೊಡ್ಡದಾಗಿ ಆಗುವುದಿಲ್ಲ. ಯೋಚನೆ ಬಂದದ್ದು ಗೊತ್ತಾಗುತ್ತದೆ, ಅಷ್ಟೇ. ಆರ್ಕೆಸ್ಟ್ರಾ ಕೆಳಗೆ ಒಂದು ದುಃಖದ ರಾಗವನ್ನು ಎಳೆಯುತ್ತಾ ಇರುತ್ತದೆ, ಆಕೆಗೆ ಹಾಡಲು ಒಂದು ಸ್ವರವೂ ಇಲ್ಲ. ಹಾಡುವವಳನ್ನು ಹಾಡಿಲ್ಲದೆ ನಿಲ್ಲಿಸಿ ಪರೀಕ್ಷೆ ಮಾಡುವ ಜಾಗ ಇದು.

ಕೊಂದ ಮೇಲಿನದು ಇನ್ನೂ ಕಷ್ಟ. ಪುಚ್ಚಿನಿ ಬರೆಸಿದ ಸೂಚನೆಗಳನ್ನು ಓದಿದರೆ ಒಂದು ಮನೆಗೆಲಸದ ಪಟ್ಟಿ ಇದ್ದಂತಿದೆ. ಕರವಸ್ತ್ರ ನೀರಿನಲ್ಲಿ ಅದ್ದಿ ಬೆರಳು ಒರೆಸಿಕೊಳ್ಳುತ್ತಾಳೆ. ಕನ್ನಡಿಯಲ್ಲಿ ಕೂದಲು ಸರಿ ಮಾಡಿಕೊಳ್ಳುತ್ತಾಳೆ. ರಹದಾರಿ ಹುಡುಕುತ್ತಾಳೆ, ಅದು ಹೆಣದ ಮುಷ್ಟಿಯಲ್ಲಿದೆ. ಬಿಡಿಸಿಕೊಂಡು ಆ ಕೈಯನ್ನು ಬಿಟ್ಟರೆ ದೊಪ್ಪನೆ ಬೀಳುತ್ತದೆ. ಎರಡು ಮೋಂಬತ್ತಿ ತಂದು ತಲೆಯ ಎರಡು ಕಡೆ ಇಡುತ್ತಾಳೆ, ಗೋಡೆಯ ಶಿಲುಬೆ ತೆಗೆದು ಎದೆಯ ಮೇಲಿಡುತ್ತಾಳೆ. ಹೊರಗೆ ಡೋಲಿನ ಸದ್ದು, ಬೆಚ್ಚಿ ಹೊರಡುತ್ತಾಳೆ. ಈ ಮೋಂಬತ್ತಿ ಕೆಲಸ ಸಾರಾ ಬರ್ನಾರ್ಡ್ ಕಾಲದಿಂದ ಬಂದದ್ದು. ಕೈಲಾಗದವರು ಮಾಡಿದರೆ ನಗು ಬರುತ್ತದೆ. ನಾನು ರಂಗದ ಮೇಲೆ ನೋಡಿದ ಟೋಸ್ಕಾಗಳಲ್ಲಿ ನಗು ಬರದೇ ಇದ್ದದ್ದು ಕಡಿಮೆ.

ಸುಮ್ನೆ_ಓದುವವಳು:
ಆ ಮೋಂಬತ್ತಿಯಿಂದಲೇ ಅಲ್ವಾ ಆಕೆಯ ಕೂದಲಿಗೆ ಬೆಂಕಿ ಹತ್ತಿದ್ದು?

ಮಿಲಾನೋದ_ಚಳಿ:
ಕೂದಲಿಗಲ್ಲ, ವಿಗ್ಗಿಗೆ. 1964ರ ಲಂಡನ್ ರಿಹರ್ಸಲ್ ಸಮಯದಲ್ಲಿ. ಗೊಬ್ಬಿ ಓಡಿಬಂದು ಆರಿಸಿದರು. ಸ್ಕಾರ್ಪಿಯಾ ಟೋಸ್ಕಾಳ ಪ್ರಾಣ ಉಳಿಸಿದ ಒಂದೇ ಸಂದರ್ಭ ಅಂತ ಇಟ್ಟುಕೊಳ್ಳಿ. ಆ ಜೆಫಿರೆಲ್ಲಿ ಸೆಟ್ಟು ಎಷ್ಟು ಗಟ್ಟಿಯಾಗಿ ಕೂತಿತು ಅಂದರೆ ಕೋವೆಂಟ್ ಗಾರ್ಡನ್‌ನವರು 2004ರ ತನಕ ಅದನ್ನೇ ಬಳಸಿದರು. ಬೇರೆ ಬೇರೆ ಟೋಸ್ಕಾಗಳು 40 ವರ್ಷ ಕ್ಯಾಲಸ್ ಸಲುವಾಗಿ ಕಟ್ಟಿದ ಕೋಣೆಯಲ್ಲೇ ಕೊಲೆ ಮಾಡಿದರು.

ತೆಬಾಲ್ಡಿ_ಪಕ್ಷ:
ನಟನೆ ವಿಷಯಕ್ಕೆ ನನ್ನ ತಕರಾರಿಲ್ಲ. ಆದರೆ ರೆಕಾರ್ಡಿನಲ್ಲಿ ಮುಖ ಕಾಣುವುದಿಲ್ಲವಲ್ಲ ಸ್ವಾಮಿ.

ಹಳೇ_ರೆಕಾರ್ಡು:
ಅದೇ ಆಶ್ಚರ್ಯ. ಕ್ಯಾಲಸ್ ರೆಕಾರ್ಡಿನಲ್ಲಿ ಕಾಣುತ್ತದೆ.

ತಿಬರ್_ದಂಡೆ:
ರೋಮಿನಲ್ಲಿ ಕೆಲಸ ಮಾಡುವವಳು ನಾನು. ಜಾಗಗಳ ಬಗ್ಗೆ ಎರಡು ಮಾತು ಸೇರಿಸುತ್ತೇನೆ, ಬರುವವರಿಗೆ ಉಪಯೋಗ ಆಗಬಹುದು.

ಮೂರು ಅಂಕದ ಮೂರೂ ಜಾಗ ಈಗಲೂ ಇವೆ. ಮೊದಲ ಅಂಕದ ಸಂತ್ ಆಂದ್ರೆಯಾ ದೆಲ್ಲಾ ವಾಲ್ಲೆ ಚರ್ಚಿಗೆ ಯಾರು ಬೇಕಾದರೂ ಹೋಗಬಹುದು. ಕೈದಿ ಅಡಗುವ ಅತ್ತಾವಂತಿ ಮನೆತನದ ಗುಡಿಕೋಣೆ ಎಲ್ಲಿ ಅಂತ ಮಾತ್ರ ಹುಡುಕಬೇಡಿ, ಅದು ಕಲ್ಪನೆ. ಅಲ್ಲಿಂದ ಸ್ವಲ್ಪ ನಡೆದರೆ ಫರ್ನೇಸೆ ಅರಮನೆ. ಅದು ಈಗ ಫ್ರಾನ್ಸಿನ ರಾಯಭಾರ ಕಚೇರಿ, ಮೊದಲೇ ಬುಕ್ ಮಾಡಿದವರನ್ನು ಗೈಡ್ ಜೊತೆ ಒಳಗೆ ಬಿಡುತ್ತಾರೆ. ಮೂರನೇ ಅಂಕದ ಕಾಸ್ತೆಲ್ ಸಂತ್ ಆಂಜೆಲೋ ನದಿಯ ಆಚೆ ದಡದಲ್ಲಿ. ಮೇಲೆ ನಿಂತು ನೋಡಿದರೆ ಟೋಸ್ಕಾ ಹಾರಿ ನದಿಗೆ ಬೀಳುವ ಸಾಧ್ಯತೆಯೇ ಇಲ್ಲ ಅಂತ ಗೊತ್ತಾಗುತ್ತದೆ, ನದಿ ಅಷ್ಟು ಹತ್ತಿರ ಇಲ್ಲ. ಮುಂಜಾನೆಯ ಗಂಟೆಗಳ ಸದ್ದು ಅಲ್ಲಿಂದ ಹೇಗೆ ಕೇಳುತ್ತದೆ ಅಂತ ತಿಳಿಯಲು ಪುಚ್ಚಿನಿ ಸ್ವತಃ ಮೇಲೆ ಹತ್ತಿ ಕೂತಿದ್ದರು. ಸಂತ ಪೀಟರ್ ಚರ್ಚಿನ ದೊಡ್ಡ ಗಂಟೆಯ ಸ್ವರ ಯಾವುದು ಅಂತ ವಿಚಾರಿಸಿ ಅದನ್ನೇ ಸಂಗೀತದಲ್ಲಿ ಹಾಕಿದರು.

ಇದಕ್ಕೆ ನಮ್ಮ ದೇಶದ ನಂಟೂ ಇದೆ. 1992ರ ಜುಲೈನಲ್ಲಿ ಟೋಸ್ಕಾವನ್ನು ಅದೇ ಜಾಗಗಳಲ್ಲಿ, ಕತೆಯಲ್ಲಿ ಹೇಳಿದ ಅದೇ ಹೊತ್ತಿಗೆ ಹಾಡಿಸಿ ಟಿವಿಯಲ್ಲಿ ನೇರ ಪ್ರಸಾರ ಮಾಡಿದರು. ಮೊದಲ ಅಂಕ ಹಗಲು, ಎರಡನೆಯದು ರಾತ್ರಿ, ಮೂರನೆಯದು ಮಾರನೇ ದಿನ ಬೆಳಗಿನ ಜಾವ. ಪ್ಲಾಸಿಡೋ ಡೊಮಿಂಗೋ, ಕ್ಯಾಥರೀನ್ ಮಾಲ್ಫಿಟಾನೋ, ರುಜ್ಜೇರೋ ರೈಮೊಂದಿ ಹಾಡಿದ್ದು. ಆರ್ಕೆಸ್ಟ್ರಾ ನಡೆಸಿದ್ದು ನಮ್ಮ ಮುಂಬಯಿಯ ಜುಬಿನ್ ಮೆಹ್ತಾ. ಅವರೂ ವಾದ್ಯದವರೂ ಬೇರೆ ಕಡೆ ಸ್ಟುಡಿಯೋದಲ್ಲಿ, ಹಾಡುವವರು ಚರ್ಚಿನಲ್ಲಿ, ಕೋಟೆಯ ಮೇಲೆ. ಮಾನಿಟರ್ ನೋಡಿಕೊಂಡು ತಾಳ ಹಿಡಿಯಬೇಕು. ಹೇಗೆ ಮಾಡಿದರೋ!

ಇನ್ನೊಂದು. ಟೋಸ್ಕಾ ಹುಟ್ಟಿದ ಕೊಸ್ತಾಂಜಿ ಥಿಯೇಟರೇ ಈಗಿನ ರೋಮ್ ಒಪೆರಾ. 1958ರ ಜನವರಿ 2ರಂದು ಇಟಲಿಯ ಅಧ್ಯಕ್ಷರ ಎದುರಿಗೆ ಕ್ಯಾಲಸ್ ಮೊದಲ ಅಂಕ ಮುಗಿಸಿ ಗಂಟಲು ಕೈಕೊಟ್ಟಿತು ಅಂತ ಮುಂದೆ ಹಾಡದೆ ಹೋದದ್ದು ಅಲ್ಲೇ. ಅವತ್ತು ಹಾಡುತ್ತಿದ್ದದ್ದು ಆಕೆಯ ಮೆಚ್ಚಿನ ನಾರ್ಮಾ. ದೊಡ್ಡ ರಂಪ ಆಯಿತು, ಪತ್ರಿಕೆಗಳು ಆಕೆಯನ್ನು ಕಟುವಾಗಿ ಟೀಕಿಸಿದವು.

ಕಂಪನಿ_ನಾಟಕ:
ಟೋಸ್ಕಾದ ಮೊದಲ ಪ್ರದರ್ಶನದ ರಂಪವೂ ಚೆನ್ನಾಗಿದೆ. ರಾಣಿ ಮಾರ್ಗರೀತಾ ಬರುವವರಿದ್ದರು, ಬಾಂಬ್ ಹಾಕುತ್ತಾರೆ ಅನ್ನುವ ಭಯ ಇತ್ತು. ಪರದೆ ಎದ್ದ ಕೂಡಲೇ ತಡವಾಗಿ ಬಂದವರ ಗಲಾಟೆ. ಕಂಡಕ್ಟರ್ ಮುನ್ಯೋನೆ ಹೆದರಿ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರಂತೆ. ಭಯ ಸುಳ್ಳಾಗಿರಲಿಲ್ಲ. ಅದೇ ವರ್ಷ ಜುಲೈನಲ್ಲಿ ರಾಜ ಉಂಬೆರ್ತೋನನ್ನು ಅರಾಜಕವಾದಿಯೊಬ್ಬ ಗುಂಡಿಟ್ಟು ಕೊಂದ. ವಿಮರ್ಶಕರು ಮೂಗು ಮುರಿದರು, ಜನ ಮಾತ್ರ ಕೆಲವು ಹಾಡುಗಳನ್ನು ಮತ್ತೆ ಹಾಡಿಸಿಕೊಂಡರು.

ಈ ಒನ್ಸ್ ಮೋರ್ ಅನ್ನುವುದು ನಮ್ಮ ಕಂಪನಿ ನಾಟಕದವರಿಗೆ ಚೆನ್ನಾಗಿ ಗೊತ್ತು. ರಾಜ ಸತ್ತು ಬಿದ್ದಿದ್ದರೂ ಜನ ಒನ್ಸ್ ಮೋರ್ ಅಂದರೆ ಎದ್ದು ಹಾಡಿ ಮತ್ತೆ ಸಾಯುತ್ತಿದ್ದ ಕಾಲ ಅದು. ಟೋಸ್ಕಾದಲ್ಲಿ ಈಗಲೂ ಇದಕ್ಕೆ ಜಗಳ ಆಗುತ್ತದೆ. 2016ರಲ್ಲಿ ವಿಯೆನ್ನಾದಲ್ಲಿ ಯೋನಾಸ್ ಕೌಫ್‌ಮನ್ ಮೂರನೇ ಅಂಕದಲ್ಲಿ ಕವರದೊಸ್ಸಿಯ ಹಾಡು ‘ಎ ಲುಚೆವಾನ್ ಲೆ ಸ್ತೆಲ್ಲೆ’ ಎರಡನೇ ಸಲ ಹಾಡಿದರು. ಅದು ಮುಗಿದ ಮೇಲೆ ಟೋಸ್ಕಾ ಆಗಿದ್ದ ಆಂಜೆಲಾ ಜಾರ್ಜಿಯು ಬರಬೇಕು, ಬರಲಿಲ್ಲ. ಆರ್ಕೆಸ್ಟ್ರಾ ನುಡಿಸುತ್ತಾ ಇದೆ, ವೇದಿಕೆ ಖಾಲಿ. ಕೌಫ್‌ಮನ್ ರಾಗದಲ್ಲೇ ‘ನಮ್ಮ ಹತ್ತಿರ ಸೊಪ್ರಾನೊ (ಎತ್ತರದ ಧ್ವನಿಯ ಗಾಯಕಿ) ಇಲ್ಲ’ ಅಂತ ಹಾಡಿಬಿಟ್ಟರು. 2024ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಕವರದೊಸ್ಸಿ ಪಾತ್ರದ ಗಾಯಕ ಅದೇ ಹಾಡನ್ನು ಮತ್ತೆ ಹಾಡಿದಾಗ ಜಾರ್ಜಿಯು ವೇದಿಕೆಗೇ ಬಂದು ಆಕ್ಷೇಪ ಮಾಡಿದರು. ಜನ ಬೈದರು. ನನಗೆ ಆಕೆಯ ಮೇಲೆ ಅರ್ಧ ಸಹಾನುಭೂತಿ ಇದೆ. ಇನ್ನೇನು ಗುಂಡೇಟಿಗೆ ಸಾಯುವವನು ಒಂದೇ ಹಾಡನ್ನು ಎರಡು ಸಲ ಹಾಡಿದರೆ ಕತೆ ಏನಾಗಬೇಕು?

ಮೂರನೇ_ಸಾಲು:
ಅದೇ ಲೆಕ್ಕ ‘ವಿಸ್ಸಿ ದಾರ್ತೆ’ಗೂ ಬರುತ್ತದೆ. ಚಿತ್ರಹಿಂಸೆಗೂ ಕೊಲೆಗೂ ನಡುವೆ ಮೂರು ನಿಮಿಷ ಎಲ್ಲಾ ನಿಂತು ಒಂದು ಪ್ರಾರ್ಥನೆ. ಆಟಕ್ಕೆ ಅಡ್ಡ ಬರುತ್ತದೆ ಅಂತ ಪುಚ್ಚಿನಿಗೇ ಅನ್ನಿಸಿತ್ತಂತೆ. ಮರಿಯಾ ಯೆರಿತ್ಸಾ ಅನ್ನುವ ಗಾಯಕಿ ರಿಹರ್ಸಲಿನಲ್ಲಿ ಜಾರಿ ಬಿದ್ದು, ಬೋರಲು ಬಿದ್ದಲ್ಲೇ ಅದನ್ನು ಹಾಡಿದರು. ಪುಚ್ಚಿನಿ ‘ಇದೇ ಇರಲಿ’ ಅಂದರಂತೆ. ಬಿದ್ದವಳು ಹಾಡಿದರೆ ಕತೆ ನಿಲ್ಲುವುದಿಲ್ಲ, ನಿಂತು ಸಭೆಗೆ ಮುಖ ಮಾಡಿ ಹಾಡಿದರೆ ಸಂಗೀತ ಕಚೇರಿ ಆಗುತ್ತದೆ.

ತೆಬಾಲ್ಡಿ_ಪಕ್ಷ:
ಅದನ್ನು ತೆಗೆದುಹಾಕಿ ಅನ್ನುವವರಿಗೆ ನನ್ನ ಸಲಾಮು. ಟಿಕೆಟ್ಟಿನ ಅರ್ಧ ದುಡ್ಡು ಆ ಮೂರು ನಿಮಿಷಕ್ಕೇ ಕೊಡುವುದು ನಾವು. ಮತ್ತೆ ಗಂಟಲಿನ ವಿಷಯ ಬಂತಲ್ಲ, ಮಾಗ್ದಾ ಒಲಿವೆರೋ ಹೆಸರು ಬರೆದುಕೊಳ್ಳಿ. 1975ರಲ್ಲಿ ನ್ಯೂಯಾರ್ಕ್ ಮೆಟ್‌ನಲ್ಲಿ ಮೊದಲ ಸಲ ಕಾಲಿಟ್ಟದ್ದು ಟೋಸ್ಕಾ ಆಗಿ. ಆಗ ಅವರಿಗೆ 65.

ಕೊಡಿಯಾಲ_ಕಡಲು:
65ರಲ್ಲಿ ಕೋಟೆ ಮೇಲಿಂದ ಹಾರಿದ್ದಾ? ಭೇಷ್.

ಹೊಸ_ಕಿವಿ:
ಎಲ್ಲರಿಗೂ ಥ್ಯಾಂಕ್ಸ್. 1964ರ ವೀಡಿಯೋ ನೋಡಿದೆ. ಮಿಲಾನೋದ ಚಳಿಯವರು ಹೇಳಿದ ಚಾಕುವಿನ ಜಾಗವನ್ನು ಮತ್ತೆ ಮತ್ತೆ ಹಿಂದಕ್ಕೆ ಹಾಕಿ ನೋಡಿದೆ. ಆಮೇಲೆ ತೆಬಾಲ್ಡಿ 1959 ಕೇಳಿದೆ. ಧ್ವನಿ ಚೆಂದ, ಅನುಮಾನವೇ ಇಲ್ಲ. ‘ವಿಸ್ಸಿ ದಾರ್ತೆ’ ಅಲ್ಲೇ ಹೆಚ್ಚು ಹಿಡಿಸಿತು. ಆದರೆ ಸ್ಕಾರ್ಪಿಯಾ ಸತ್ತ ಮೇಲಿನ ಆ ಒಂದು ಸಾಲಿಗೆ ಕ್ಯಾಲಸ್ ರೆಕಾರ್ಡನ್ನೇ ಮತ್ತೆ ಹಾಕಿಕೊಂಡೆ.

ತೆಬಾಲ್ಡಿ_ಪಕ್ಷ:
ಒಂದು ಸಾಲು ಅವರು ಇಟ್ಟುಕೊಳ್ಳಲಿ, ಹಾಡು ನಮ್ಮದಾಯಿತಲ್ಲ. ಮೂರನೇ ಅಂಕವನ್ನೂ ಎರಡರಲ್ಲೂ ಕೇಳಿ ಬನ್ನಿ, ಆಮೇಲೆ ಮುಂದಿನ ಜಗಳ.